ತೋಟದ ವೆಬ್‌ಸೈಟಿಗೆ ಓದುಗರಿದ್ದಾರೆ, ಗಿರಾಕಿಗಳಿಲ್ಲ: ಯಾವುದನ್ನು ಪುಕ್ಕಟೆ ಕೊಡಬೇಕು, ಯಾವುದಕ್ಕೆ ಹಣ ಕೇಳಬೇಕು?

ಪ್ರಶ್ನೆ: ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಕಾಫಿ ತೋಟ. ಎರಡು ವರ್ಷದಿಂದ ಸ್ವಂತ ವೆಬ್‌ಸೈಟ್ ಮೂಲಕ ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿರಸ) ಮಾರುತ್ತಿದ್ದೇವೆ. ಜನ ಬರಲಿ ಎಂದು ಅದರಲ್ಲೇ 60 ಲೇಖನ ಬರೆದು ಹಾಕಿದ್ದೇನೆ. ಕಳೆದ ತಿಂಗಳು 9,000 ಜನ ಬಂದರು, ಆರ್ಡರ್ ಬಂದಿದ್ದು 22 ಮಾತ್ರ. ಯಾವ ಪುಟಕ್ಕೆ ಎಷ್ಟು ಜನ ಬಂದರು, ಎಷ್ಟು ಆರ್ಡರ್ ಆಯಿತು ಎಂಬ ಪಟ್ಟಿ ಜೊತೆಗಿದೆ. ಲೇಖನಗಳಿಗೆ ಬೀಗ ಹಾಕಿ ₹199ಕ್ಕೆ ಕಾಫಿ ಕೈಪಿಡಿ ಅಂತ ಮಾರೋಣ ಎನ್ನುತ್ತಾನೆ ಮಗ. ವಾರಕ್ಕೆ ನಾಲ್ಕು ಲೇಖನ ಬರೆದರೆ ಮಾರಾಟ ತಾನಾಗಿ ಏರುತ್ತದೆ ಎನ್ನುತ್ತಾರೆ ಮನೆಯವರು. ಯಾವುದು ಸರಿ?

ಉತ್ತರ: ಎರಡೂ ಬೇಡ. ಕಾರಣ ನಿಮ್ಮ ಪಟ್ಟಿಯಲ್ಲೇ ಇದೆ.

‘ಎರಡು ದಿನದಲ್ಲಿ ಕೊಡಗು’ ಮತ್ತು ‘ಮಾಂದಲಪಟ್ಟಿಗೆ ಜೀಪು’ ಎಂಬ ಎರಡು ಪ್ರವಾಸದ ಪುಟಗಳಿಗೇ 7,200 ಜನ ಬಂದಿದ್ದಾರೆ. ಅಲ್ಲಿಂದ ಹುಟ್ಟಿದ ಆರ್ಡರ್ ಒಂದು. ಫಿಲ್ಟರ್ ಡಿಕಾಕ್ಷನ್ ಪುಟಕ್ಕೆ 640 ಜನ, ಆರ್ಡರ್ ಆರು. ಕಾಚಂಪುಳಿ ಪುಟಕ್ಕೆ ಬರೀ 310 ಜನ, ಆರ್ಡರ್ ಒಂಬತ್ತು. ಮಿಕ್ಕ ಆರು ಆರ್ಡರ್ ಹಳೇ ಗಿರಾಕಿಗಳು ನೇರವಾಗಿ ಬಂದು ಮಾಡಿದ್ದು. ಕಾಚಂಪುಳಿ ಪುಟ ಓದಿದ ನೂರು ಜನರಲ್ಲಿ ಹತ್ತಿರಹತ್ತಿರ ಮೂವರು ಕೊಂಡಿದ್ದಾರೆ, ಪ್ರವಾಸದ ಪುಟ ಓದಿದ ಏಳು ಸಾವಿರ ಜನರಲ್ಲಿ ಒಬ್ಬರು. 9,000 ಎಂಬ ಒಟ್ಟು ಲೆಕ್ಕವನ್ನು ನೋಡುತ್ತಾ ಕೂತರೆ ಇದು ಕಣ್ಣಿಗೆ ಬೀಳುವುದಿಲ್ಲ. ಕೊಡಗು ನೋಡಲು ಹೊರಟವರು ಹೋಟೆಲ್, ರಸ್ತೆ, ಮಳೆ ವಿಚಾರಿಸಲು ಬಂದವರು. ಅವರಿಗೆ ಆ ಹೊತ್ತಿಗೆ ಕಾಫಿ ಪುಡಿ ಬೇಕಾಗಿಲ್ಲ. ಕಾಚಂಪುಳಿ ಎಂದು ಹುಡುಕುವವರ ಮನೆಯಲ್ಲಿ ಬಹುಶಃ ಭಾನುವಾರದ ಅಡುಗೆಯ ಯೋಚನೆ ನಡೆದಿರುತ್ತದೆ.

ಆದ್ದರಿಂದ ವಾರಕ್ಕೆ ನಾಲ್ಕು ಲೇಖನ ಬೇಡ. ನಾಲ್ಕೂ ಪ್ರವಾಸದ ಬಗ್ಗೆಯೇ ಆದರೆ 9,000 ಹೋಗಿ 20,000 ಆದೀತು, ಆರ್ಡರ್ 22ರ ಆಸುಪಾಸಿನಲ್ಲೇ ಇರುತ್ತದೆ. ಸಂಖ್ಯೆ ತುಂಬಿಸಲು ಯಂತ್ರದಿಂದ ಬರೆಸಿದ ಲೇಖನ ರಾಶಿ ಹಾಕುವುದಂತೂ ಬೇಡವೇ ಬೇಡ. ಹುಡುಕಾಟದಲ್ಲಿ ಮೇಲೆ ಬರಲೆಂದೇ ಹುರುಳಿಲ್ಲದ ಪುಟಗಳನ್ನು ರಾಶಿ ರಾಶಿ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಎಂದೇ ಎಣಿಸುತ್ತದೆ. ಅದರ ಪೆಟ್ಟು ಒಳ್ಳೆಯ ಪುಟಗಳಿಗೂ ತಾಗಬಹುದು.

ಬೀಗ ಏಕೆ ಬೇಡ

ಬೀಗ ಹಾಕಿದ ಪುಟದಲ್ಲಿ ಗೂಗಲ್‌ಗೆ ಕಾಣುವುದು ನೀವು ಹೊರಗೆ ಬಿಟ್ಟ ಮೊದಲ ಪ್ಯಾರಾ ಮಾತ್ರ. ಡಿಕಾಕ್ಷನ್ ಅಳತೆ ಒಳಗೆ ಸೇರಿಕೊಂಡರೆ ಆ ಅಳತೆ ಹುಡುಕಿ ಬರುತ್ತಿದ್ದ 640 ಜನ ಮುಂದಿನ ತಿಂಗಳುಗಳಲ್ಲಿ ಕರಗುತ್ತಾರೆ, ಅವರ ಜೊತೆಗೆ ಆ ಆರು ಆರ್ಡರೂ ಹೋಗುತ್ತದೆ. ಗೂಗಲ್‌ಗೆ ಪೂರ್ತಿ ತೋರಿಸಿ ಓದುಗರಿಗೆ ಮಾತ್ರ ಮುಚ್ಚುವುದಾದರೆ ಇದು ಹಣ ಕೊಟ್ಟು ಓದುವ ಪುಟ ಎಂಬ ಗುರುತನ್ನು ಕೋಡ್‌ನಲ್ಲಿ ಹಾಕಲೇಬೇಕು. ಇಲ್ಲವಾದರೆ ಮೋಸ ಎಂದು ಪುಟವನ್ನೇ ಕೆಳಗಿಳಿಸಬಹುದು.

ಅದಕ್ಕಿಂತ ದೊಡ್ಡ ಕಾರಣ ಬೇರೆ. ಫಿಲ್ಟರ್‌ಗೆ ಎಷ್ಟು ಚಮಚ ಪುಡಿ, ಮೆಣಸನ್ನು ಎಷ್ಟು ದಿನ ಒಣಗಿಸಬೇಕು ಎಂಬಂಥವು ಹತ್ತು ಕಡೆ ಪುಕ್ಕಟೆ ಸಿಗುತ್ತವೆ. ಅದಕ್ಕೆ ₹199 ಕೊಡುವವರು ಕೆಲವರು. ಅದೇ ವಿಷಯ ಓದಿ ನಂಬಿಕೆ ಹುಟ್ಟಿ, ತಿಂಗಳಿಗೆ ಒಂದು ಕಿಲೋ ಪುಡಿ ತರಿಸುವ ಒಬ್ಬ ಗಿರಾಕಿ ವರ್ಷಕ್ಕೆ ₹10,000ದಷ್ಟು ವ್ಯಾಪಾರ ಕೊಡುತ್ತಾರೆ.

ಪುಕ್ಕಟೆಗೂ ಮಾರಾಟಕ್ಕೂ ನಡುವಿನ ಗೆರೆಯನ್ನು ಹೀಗೆ ಎಳೆದುಕೊಳ್ಳಿ: ಎಲ್ಲರಿಗೂ ಒಂದೇ ಆಗಿರುವ ಉತ್ತರ ಪುಕ್ಕಟೆ, ಒಬ್ಬರಿಗೋಸ್ಕರ ನಿಮ್ಮ ಕೈ ಆಡಬೇಕಾದದ್ದಕ್ಕೆಲ್ಲ ಹಣ. ಪಂದಿಕರಿ (ಕೊಡವರ ಹಂದಿಮಾಂಸದ ಸಾರು) ಮಾಡುವ ವಿಧಾನ, ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ಎಷ್ಟಿದ್ದರೆ ರುಚಿ ಹೇಗೆ, ಪುಡಿ ಎಷ್ಟು ನುಣ್ಣಗಿರಬೇಕು, ಏಲಕ್ಕಿಯ ಹಸಿರು ಬಣ್ಣ ಏಕೆ ಮಾಸುತ್ತದೆ ಎಂಬುದನ್ನೆಲ್ಲ ಒಂದಕ್ಷರ ಮುಚ್ಚಿಡದೆ ಕೊಟ್ಟುಬಿಡಿ. ಪುಡಿ, ಮೆಣಸು, ಕೇಳಿದ ಹದಕ್ಕೆ ಹುರಿದು ಕೊಡುವುದು, ತೋಟದಲ್ಲಿ ಅರ್ಧ ದಿನ ಸುತ್ತಾಡಿಸಿ ಹಣ್ಣಿನಿಂದ ಲೋಟದವರೆಗೆ ತೋರಿಸುವುದು, ಮದುವೆಗೆ ಐವತ್ತು ಉಡುಗೊರೆ ಪೊಟ್ಟಣ ಕಟ್ಟಿಕೊಡುವುದು ಇವಕ್ಕೆ ಹಣ. ನಿಮ್ಮ ಮಗನಿಗೆ ಕೈಪಿಡಿ ಮಾಡುವ ಹುಮ್ಮಸ್ಸಿದ್ದರೆ ಖಂಡಿತ ಮಾಡಲಿ. ಅದನ್ನು ಒಂದೇ ಹಾಳೆಗೆ ಇಳಿಸಿ ಮೊದಲ ಆರ್ಡರ್‌ನ ಪೊಟ್ಟಣದೊಳಗೆ ಇಡಿ. ಅಡುಗೆಮನೆಯ ಗೋಡೆಗೆ ಅಂಟಿಸುವಂತಿರಲಿ.

ಒಂದು ಪುಟವನ್ನು ಹತ್ತಿರದಿಂದ: ಕಾಚಂಪುಳಿ

ನಿಮ್ಮ ಕಾಚಂಪುಳಿ ಪುಟ ಈಗಲೇ ಚೆನ್ನಾಗಿ ಮಾರುತ್ತಿದೆ. ಆದರೂ ಅದು ಕುಂಟುತ್ತಿದೆ. ಮೊದಲು ಕೊಡವರ ಅಡುಗೆಯ ಇತಿಹಾಸ ಮೂರು ಪ್ಯಾರಾ. ಮೂರು ಸೆಕೆಂಡಿಗೆ ‘ನಿಮ್ಮ ಇಮೇಲ್ ಕೊಡಿ’ ಎಂಬ ಪರದೆ. ಕೊಳ್ಳುವ ಬಟನ್ ಪುಟದ ಪಾದದಲ್ಲಿ, ಅದರ ಮೇಲೆ ಬೆಲೆಯೂ ಇಲ್ಲ. ಓದುಗರ ಪ್ರಶ್ನೆ ಒಂದೇ: ಎಷ್ಟು ಹಾಕಬೇಕು, ಯಾವಾಗ ಹಾಕಬೇಕು?

ಹೀಗೆ ತಿರುಗಿಸಿ ಬರೆಯಿರಿ. ಮೊದಲ ಎರಡು ವಾಕ್ಯದಲ್ಲೇ ಉತ್ತರ: ‘1 ಕೆ.ಜಿ. ಹಂದಿಮಾಂಸಕ್ಕೆ 1ರಿಂದ 2 ಟೀ ಚಮಚ ಕಾಚಂಪುಳಿ. ಮಾಂಸ ಬೆಂದು, ಹುರಿದು ಪುಡಿ ಮಾಡಿದ ಮಸಾಲೆ ಹಾಕಿದ ಮೇಲೆ, ಒಲೆಯಿಂದ ಇಳಿಸುವ 5–10 ನಿಮಿಷ ಮೊದಲು ಹಾಕಿ.’ ಅದರ ಕೆಳಗೇ ಒಂದು ಫೋಟೊ. ಬಾಟಲಿಯದ್ದು ಬೇಡ, ಚಮಚದಿಂದ ಕಪ್ಪಗೆ ದಪ್ಪಗೆ ಇಳಿಯುತ್ತಿರುವ ಹುಳಿಯದ್ದು. ಹೊರಗಿನವರು ಇದನ್ನು ನೋಡಿಯೇ ಇರುವುದಿಲ್ಲ. ಹುಣಸೆ ರಸದಷ್ಟು ತೆಳ್ಳಗಿರುತ್ತದೆ ಎಂದುಕೊಂಡು ಕಾಲು ಲೋಟ ಸುರಿದು ಸಾರು ಕೆಡಿಸಿಕೊಳ್ಳುವವರಿದ್ದಾರೆ. ಆಮೇಲೆ ‘ನಿಮ್ಮ ಕಾಚಂಪುಳಿ ತೀರಾ ಹುಳಿ’ ಎಂದು ದೂರು ಬರುತ್ತದೆ. ಫೋಟೊ ಆ ದೂರನ್ನು ತಡೆಯುತ್ತದೆ.

ಮೂರನೆಯದಾಗಿ, ತಯಾರಿಕೆ: ಮಳೆಗಾಲದಲ್ಲಿ ಹಣ್ಣಾಗುವ ಪಣಂಪುಳಿ, ಅಂದರೆ ಮಲೆನಾಡಿನ ಕಡೆಯವರ ಉಪ್ಪಾಗೆ. ಅದರ ರಸ ತೊಟ್ಟಿಕ್ಕಿಸಿ ಸಂಗ್ರಹಿಸಿ, ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸುತ್ತಾರೆ ಎಂಬುದು ನಾಲ್ಕೇ ಸಾಲಿನಲ್ಲಿ ಸಾಕು. ನಾಲ್ಕನೆಯದು, ಬಹಳ ಜನ ಬಿಟ್ಟುಬಿಡುವ ಭಾಗ: ‘ಕಾಚಂಪುಳಿ ಸಿಗದಿದ್ದರೆ?’ ಹುಣಸೆಯ ಗಟ್ಟಿ ರಸವೋ ವಿನೆಗರೋ ಹಾಕಬಹುದು, ಹುಳಿ ಬರುತ್ತದೆ, ಆ ಕಪ್ಪು ಬಣ್ಣ ಮತ್ತು ಘಮ ಬರುವುದಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಮಾರಾಟ ತಪ್ಪೀತೆಂಬ ಭಯ ಬೇಡ. ಇವತ್ತು ಹುಣಸೆ ಹಾಕಿ ಅಡುಗೆ ಮುಗಿಸಿದವರು ವ್ಯತ್ಯಾಸ ಏನಿರಬಹುದು ಎಂದು ಮುಂದಿನ ಸಲ ತರಿಸುತ್ತಾರೆ. ಮುಚ್ಚಿಟ್ಟರೆ ಬೇರೆಯವರ ಪುಟದಲ್ಲಿ ಅದನ್ನು ಓದಿಕೊಂಡು ಅಲ್ಲೇ ಉಳಿಯುತ್ತಾರೆ.

ಅಳತೆಯ ಸಾಲು ಮುಗಿದ ತಕ್ಷಣ, ಫೋಟೊದ ಕೆಳಗೆ, ಮಾರಾಟದ ಒಂದು ಸಾಲು: ‘ನಮ್ಮ ತೋಟದ ಕಾಚಂಪುಳಿ, 100 ಮಿ.ಲೀ., ಇಷ್ಟು ಬೆಲೆ. 1 ಕೆ.ಜಿ.ಗೆ 2 ಚಮಚದ ಲೆಕ್ಕದಲ್ಲಿ 10 ಕೆ.ಜಿ. ಮಾಂಸಕ್ಕೆ ಸಾಕು.’ ಟೀ ಚಮಚ 5 ಮಿ.ಲೀ., 100 ಮಿ.ಲೀ.ಗೆ 20 ಚಮಚ. ಬೆಲೆ ಹೆಚ್ಚು ಅನ್ನಿಸುತ್ತಿದ್ದವರಿಗೆ ಈ ಒಂದು ಲೆಕ್ಕ ಸಮಾಧಾನ ಕೊಡುತ್ತದೆ. ಮತ್ತೊಮ್ಮೆ ಬಟನ್ ಪುಟದ ಕೊನೆಯಲ್ಲಿ. ಎರಡೇ ಕಡೆ ಸಾಕು, ನಡುವೆ ಇನ್ನಾವ ಕಿರಿಕಿರಿಯೂ ಬೇಡ. ಇಮೇಲ್ ಕೇಳುವ ಆ ಪರದೆ ತೆಗೆದುಹಾಕಿ. ಮೊಬೈಲಿನಲ್ಲಿ ಓದಲು ಬಂದವರ ಕಣ್ಣಿಗೆ ಅಡ್ಡ ನಿಲ್ಲುವ ಪರದೆಗಳಿರುವ ಪುಟವನ್ನು ಗೂಗಲ್ 2017ರಿಂದಲೇ ಕೆಳಗೆ ತಳ್ಳುತ್ತಿದೆ.

ಇತಿಹಾಸದ ಮೂರು ಪ್ಯಾರಾ ಚೆನ್ನಾಗಿವೆ, ಬಿಸಾಡಬೇಡಿ. ಕೆಳಗೆ ಹಾಕಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ‘ಕಾಚಂಪುಳಿ ತೂಕ ಇಳಿಸುತ್ತದೆ’ ಎಂಬ ಸಾಲು ನಿಮ್ಮ ಪುಟದಲ್ಲಿದೆ. ಇವತ್ತೇ ಅಳಿಸಿ. ಆಧಾರವಿಲ್ಲದ ಆರೋಗ್ಯದ ಹೇಳಿಕೆಗಳನ್ನು ಆಹಾರದ ಜಾಹೀರಾತಿನಲ್ಲಿ ಬಳಸುವುದಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ತಡೆ ಹಾಕಿವೆ, ಮಾರುವವರ ವೆಬ್‌ಸೈಟಿನ ಲೇಖನವೂ ಜಾಹೀರಾತೇ ಆಗುತ್ತದೆ. ಕಾನೂನು ಒತ್ತಟ್ಟಿಗಿರಲಿ, ಅದನ್ನು ನಂಬಿ ದಿನಾ ಚಮಚಗಟ್ಟಲೆ ಕುಡಿಯುವವರು ಇರುತ್ತಾರೆ.

ಆ ಏಳು ಸಾವಿರ ಜನರನ್ನು ಏನು ಮಾಡುವುದು?

ಪ್ರವಾಸದ ಪುಟಗಳನ್ನು ತೆಗೆಯಬೇಡಿ. ಅವು ಊರಿಗೆ ಬರುವವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತಿವೆ. ಅವುಗಳ ಮಧ್ಯೆ ‘ಕಾಫಿ ಕೊಳ್ಳಿ’ ಎಂಬ ಪಟ್ಟಿ ಅಂಟಿಸಿದರೆ ಯಾರೂ ಒತ್ತುವುದಿಲ್ಲ, ಈಗ ಆಗುತ್ತಿರುವುದೂ ಅದೇ. ಪ್ರವಾಸಿಗೂ ನಿಮ್ಮ ಮಾಲಿಗೂ ನಡುವೆ ಇರುವ ಪ್ರಶ್ನೆಯೊಂದನ್ನು ಹಿಡಿಯಿರಿ: ‘ಕೊಡಗಿನಿಂದ ವಾಪಸ್ ಹೋಗುವಾಗ ಏನು ಕೊಳ್ಳಬೇಕು, ಅಸಲಿ ಯಾವುದು ಎಂದು ತಿಳಿಯುವುದು ಹೇಗೆ?’ ಕುಶಾಲನಗರದಿಂದ ಮಡಿಕೇರಿವರೆಗೆ ಮಸಾಲೆ ಅಂಗಡಿಗಳು ಸಾಲುಸಾಲು. ಜನಕ್ಕೆ ಆ ಗೊಂದಲ ಇದ್ದೇ ಇದೆ.

ಆ ಪುಟದಲ್ಲಿ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಕೊಡಿ. ಗಾಜಿನ ಲೋಟದ ನೀರಿಗೆ ಕರಿಮೆಣಸು ಹಾಕಿದರೆ ಒಳ್ಳೆಯ ಕಾಳು ತಳ ಸೇರುತ್ತದೆ, ಬೆರೆಸಿದ ಪಪ್ಪಾಯ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುತ್ತದೆ ಎಂಬುದನ್ನು ಸೇರಿಸಿ, ಇಲ್ಲವಾದರೆ ಓದಿದವರು ಪಾಪದ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಕಾಫಿ ಪುಡಿಯನ್ನು ನೀರಿನ ಮೇಲೆ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ. ಚಿಕೋರಿ ಇರುವುದೇ ಕಲಬೆರಕೆ ಅಲ್ಲ ಎಂಬುದನ್ನೂ ಹೇಳಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಇರಬೇಕು. ಬರೆಯದೆ ಮಾರಿದರೆ ಅದು ತಪ್ಪು. ನಿಮ್ಮ 80:20 ಪೊಟ್ಟಣದ ಲೇಬಲ್ ಫೋಟೊವನ್ನೇ ಅಲ್ಲಿ ಉದಾಹರಣೆಯಾಗಿ ಹಾಕಿ. ಪ್ರವಾಸದ ಎರಡೂ ಪುಟಗಳಿಂದ ಈ ಪುಟಕ್ಕೆ ಕೊಂಡಿ, ಈ ಪುಟದಿಂದ ಅಂಗಡಿಗೆ.

ಇನ್ನೊಂದು: ಪ್ರವಾಸಿಗೆ ಕೊರಿಯರ್ ಬೇಡ, ಬಂದಾಗಲೇ ಒಯ್ಯುತ್ತಾನೆ. ‘ಮೊದಲೇ ಆರ್ಡರ್ ಮಾಡಿ, ತೋಟದ ಗೇಟಿನಲ್ಲಿ ಪಡೆಯಿರಿ’ ಎಂಬ ಆಯ್ಕೆ ಇಡಿ. ಗೂಗಲ್ ಮ್ಯಾಪ್‌ನಲ್ಲಿ ತೋಟದ ಹೆಸರು, ಸಮಯ, ದಾರಿ ಸರಿಯಾಗಿ ಕಾಣುವಂತೆ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಅದು ಪುಕ್ಕಟೆ. ನಿಮ್ಮ ಪುಟಗಳ ಮೇಲೆ ಗೂಗಲ್ ಜಾಹೀರಾತೂ ಇದೆ. ಪ್ರವಾಸದ ಪುಟದಲ್ಲಿ ಇರಲಿ. ಕಾಫಿ, ಕಾಚಂಪುಳಿ ಪುಟಗಳಲ್ಲಿ ತೆಗೆಯಿರಿ, ನಾಲ್ಕು ಕಾಸಿಗಾಗಿ ನಿಮ್ಮ ಅಂಗಡಿಯೊಳಗೇ ಇನ್ನೊಬ್ಬರ ಕಾಫಿ ಪುಡಿಯ ಫಲಕ ನಿಲ್ಲಿಸಿದ ಹಾಗಾಗುತ್ತಿದೆ.

ಪುಕ್ಕಟೆ ಸಾಗಣೆ, ಪುಕ್ಕಟೆ ಸ್ಯಾಂಪಲ್

ಲೇಖನ ಪುಕ್ಕಟೆ ಕೊಟ್ಟರೆ ನಷ್ಟವಿಲ್ಲ. ನಷ್ಟ ಆಗುವುದು ಕೊರಿಯರ್‌ನಲ್ಲಿ. ಒಂದು ಮಾದರಿ ಲೆಕ್ಕ ಹಾಕೋಣ, ನಿಮ್ಮ ಅಂಕಿ ಹಾಕಿ ಸರಿಪಡಿಸಿಕೊಳ್ಳಿ. 500 ಗ್ರಾಂ ಪುಡಿಯ ಬೆಲೆ ₹450. ಬೀಜ, ಹುರಿತ, ಪುಡಿ ಮಾಡಿಸುವುದು ಸೇರಿ ₹290. ಇದರಲ್ಲಿ ಹುರಿಯುವಾಗ ಬೀಜದ ತೂಕ 15ರಿಂದ 20% ಇಳಿಯುತ್ತದೆ ಎಂಬುದನ್ನು ಮರೆಯಬೇಡಿ, ಅರ್ಧ ಕಿಲೋ ಪುಡಿಗೆ ಸುಮಾರು 600 ಗ್ರಾಂ ಬೀಜ ಹೋಗುತ್ತದೆ. ಪೌಚ್, ಲೇಬಲ್ ₹18. ಡಬ್ಬ ₹15. ಆನ್‌ಲೈನ್ ಪಾವತಿ ನಡೆಸಿಕೊಡುವ ಗೇಟ್‌ವೇಗೆ 2%, ಅದರ ಮೇಲೆ 18% ಜಿಎಸ್‌ಟಿ, ಸುಮಾರು ₹11. ಕೊರಿಯರ್ ₹70. ಒಟ್ಟು ₹404, ಉಳಿದಿದ್ದು ₹46.

ಈಗ ಕ್ಯಾಶ್ ಆನ್ ಡೆಲಿವರಿಯಲ್ಲಿ ಹತ್ತಕ್ಕೆ ಒಂದು ವಾಪಸ್ ಬಂತು ಎನ್ನಿ. ಹೋಗಿ ಬರುವ ಕೊರಿಯರ್ ₹140, ಡಬ್ಬ ₹15, ಒಟ್ಟು ₹155. ಒಂಬತ್ತು ಆರ್ಡರಿನ ಲಾಭ ₹414ರಲ್ಲಿ ಅದು ಕಳೆದರೆ ₹259. ಮೇಲಿಂದ ವಾಪಸ್ ಬಂದ ಪುಡಿ ಮೂರು ವಾರ ಗೋದಾಮುಗಳಲ್ಲಿ ಕೂತು ಘಮ ಕಳೆದುಕೊಂಡಿರುತ್ತದೆ, ತಾಜಾ ಎಂದು ಮತ್ತೊಬ್ಬರಿಗೆ ಕಳಿಸುವ ಹಾಗಿಲ್ಲ.

ಅದೇ 1 ಕೆ.ಜಿ. ಆರ್ಡರ್ ನೋಡಿ: ₹900 ಬರುತ್ತದೆ. ಪುಡಿ ₹580, ಪೌಚ್ ₹36, ಡಬ್ಬ ₹20, ಗೇಟ್‌ವೇ ₹21, ಕೊರಿಯರ್ ₹95, ಒಟ್ಟು ₹752. ಉಳಿದಿದ್ದು ₹148. ಪೊಟ್ಟಣ ಎರಡಾದರೆ ಲಾಭ ಮೂರು ಪಟ್ಟು ದಾಟುತ್ತದೆ. ಹಾಗಾಗಿ ಪುಕ್ಕಟೆ ಸಾಗಣೆ ಕೊಡುವುದಾದರೆ ₹850ರ ಮೇಲಿನ ಆರ್ಡರ್‌ಗೆ ಮಾತ್ರ ಕೊಡಿ, ಕೆಳಗಿನದಕ್ಕೆ ಸಾಗಣೆ ಖರ್ಚನ್ನು ಉತ್ಪನ್ನದ ಪುಟದಲ್ಲೇ ಹೇಳಿಬಿಡಿ. ಹಣ ಕಟ್ಟುವ ಕೊನೆಯ ಪರದೆಯಲ್ಲಿ ₹70 ಹೊಸದಾಗಿ ಕಂಡರೆ ಅಲ್ಲೇ ಕೈಬಿಟ್ಟು ಹೋಗುತ್ತಾರೆ. ಹೀಗೆ ಹಂತಹಂತವಾಗಿ ಬೆಲೆ ಏರಿಸುವುದನ್ನು, ‘ಇನ್ನು 2 ಮಾತ್ರ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ನಿಮ್ಮ ಸೈಟಿನ ಥೀಮ್‌ನಲ್ಲಿ ಹಿಂದೆ ಓಡುವ ಗಡಿಯಾರವೊಂದಿದೆ, ಅದನ್ನು ಬಂದ್ ಮಾಡಿ.

ಡಬ್ಬದ ಅಳತೆಯನ್ನೂ ನೋಡಿಕೊಳ್ಳಿ. ಬಹಳಷ್ಟು ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 30×20×15ರ ಡಬ್ಬದಲ್ಲಿ ಒಂದು ಕಿಲೋ ಪುಡಿ ಇಟ್ಟರೂ 1.8 ಕಿಲೋ ಎಂದು ಹಣ ಹಿಡಿಯುತ್ತಾರೆ. 25×16×10ರ ಡಬ್ಬಕ್ಕೆ ಆ ಲೆಕ್ಕ 0.8, ಆಗ ನಿಜವಾದ ತೂಕಕ್ಕೆ ಮಾತ್ರ ಹಣ.

ಸ್ಯಾಂಪಲ್ ಪುಕ್ಕಟೆ ಬೇಡ. 50 ಗ್ರಾಂ ಪುಡಿಗೂ ಕೊರಿಯರ್ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಶುದ್ಧ ಕಾಫಿ, 80:20, 70:30 ಮೂರನ್ನೂ 100 ಗ್ರಾಂನಂತೆ ಸೇರಿಸಿ ‘ರುಚಿ ನೋಡುವ ಪೊಟ್ಟಣ’ ಮಾಡಿ, ಖರ್ಚು ಹುಟ್ಟುವ ಬೆಲೆಗೆ ಮಾರಿ. ಮುಂದಿನ ಆರ್ಡರಿನಲ್ಲಿ ಸ್ವಲ್ಪ ಬಿಡಿ. ಡಿಕಾಕ್ಷನ್ ಪುಟಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆ ಪುಟದಲ್ಲಿ 20–25 ಗ್ರಾಂ ಪುಡಿಗೆ 100–120 ಮಿ.ಲೀ. ಬಿಸಿನೀರು, 15–20 ನಿಮಿಷ ಕಾಯುವುದು ಎಂದು ಬರೆದಿದ್ದೀರಿ, ಸರಿಯಾಗಿದೆ. ಅದರ ಜೊತೆಗೆ ತಪ್ಪಾಗುವ ಕಡೆಗಳನ್ನು ಸೇರಿಸಿ: ಡಿಕಾಕ್ಷನ್ ಸರ್ರನೆ ಇಳಿದು ತೆಳ್ಳಗಾದರೆ ಪುಡಿ ದಪ್ಪ ಇದೆ ಅಥವಾ ಒತ್ತಿಲ್ಲ, ಇಳಿಯದೆ ನಿಂತರೆ ಪುಡಿ ತೀರಾ ನುಣ್ಣಗಿದೆ ಅಥವಾ ಚಿಕೋರಿ ಜಾಸ್ತಿ. ಸಮಸ್ಯೆ ಹುಡುಕಿಕೊಂಡು ಬಂದವರಿಗೆ ‘ಫಿಲ್ಟರ್‌ಗೆ ಹದವಾದ ಪುಡಿ’ ಎಂಬ ಸಾಲು ಆಗ ಜಾಹೀರಾತಿನಂತೆ ಕಾಣುವುದಿಲ್ಲ.

ಸರಿಯಾದ ಜನರನ್ನು ಕರೆತರುವುದು

ಹುಡುಕಾಟದಲ್ಲಿ ನಿಮ್ಮ ಪುಟ ಎಲ್ಲಿ ಕಾಣುತ್ತದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ, 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ‘ಪರ್ಫಾರ್ಮೆನ್ಸ್’ ತೆರೆದು ಸರಾಸರಿ ಸ್ಥಾನ 5ರಿಂದ 15ರ ಒಳಗಿರುವ, ಹೆಚ್ಚು ಸಲ ತೋರಿಸಲ್ಪಟ್ಟರೂ ಕ್ಲಿಕ್ ಆಗದ ಹುಡುಕಾಟಗಳನ್ನು ಬರೆದುಕೊಳ್ಳಿ. ಅವುಗಳಲ್ಲಿ ಯಾವ ಪ್ರಶ್ನೆಯ ಕೊನೆಗೆ ನಿಮ್ಮ ಮಾಲು ಬೇಕಾಗುತ್ತದೋ ಅದನ್ನು ಮಾತ್ರ ಉಳಿಸಿ. ಹೊಸ ಲೇಖನಕ್ಕಿಂತ ಆ ಹಳೇ ಪುಟಗಳ ಶೀರ್ಷಿಕೆ ಮತ್ತು ಮೊದಲ ಪ್ಯಾರಾ ತಿದ್ದುವುದು ಬೇಗ ಫಲ ಕೊಡುತ್ತದೆ. ತಿಂಗಳಿಗೆ ಎರಡು ತಿದ್ದುಪಡಿ, ಒಂದು ಹೊಸ ಪುಟ. ಒಬ್ಬರ ಕೈಲಿ ತೋಟದ ಕೆಲಸದ ಜೊತೆ ಆಗುವುದು ಅಷ್ಟೇ, ಸಾಕೂ ಸಾಕು.

ಜನ ಒಂದೇ ಪದವನ್ನು ನಾಲ್ಕು ಥರ ಬರೆಯುತ್ತಾರೆ. ಕಾಚಂಪುಳಿ, ಕಚಂಪುಳಿ, ಕೊಡಗಿನ ವಿನೆಗರ್, ಅದೇ ಪದ ಇಂಗ್ಲಿಷ್ ಅಕ್ಷರದಲ್ಲಿ. ವಾಕ್ಯದೊಳಗೆ ಸಹಜವಾಗಿ ಒಂದೊಂದು ಸಲ ಬಂದರೆ ಸಾಕು, ಪುಟದ ಕೊನೆಗೆ ಪದಗಳ ರಾಶಿ ಹಾಕಬೇಡಿ. ಕನ್ನಡ ಮತ್ತು ಇಂಗ್ಲಿಷ್ ಪುಟಗಳನ್ನು ಬೇರೆಬೇರೆಯಾಗಿ ಇಡಿ. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡ ಅಕ್ಷರದ ವಿಳಾಸವನ್ನು ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಅದು ಅನೇಕ ಸಲ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲವಾಗುತ್ತದೆ, ಏನೋ ವೈರಸ್ ಎಂದು ಜನ ಮುಟ್ಟುವುದಿಲ್ಲ.

ಸರಳ ಪ್ರಶ್ನೆಗಳಿಗೆ ಈಗ ಗೂಗಲ್ ತಾನೇ ಮೇಲ್ಗಡೆ ಉತ್ತರ ಬರೆದು ತೋರಿಸುತ್ತದೆ, ಓದುಗರು ನಿಮ್ಮವರೆಗೆ ಬರುವುದೇ ಇಲ್ಲ. ನಿಮ್ಮ ಕಣದಲ್ಲಿ ತೆಗೆದ ಫೋಟೊ, ನಿಮ್ಮ ಅಡುಗೆಮನೆಯ ಅಳತೆ ಇರುವ ಪುಟ ಇನ್ನೂ ಉಳಿಯುತ್ತದೆ. ಫೋಟೊ ಮೊಬೈಲಿನಿಂದ ನೇರ ಹಾಕಿದರೆ 4–5 ಎಂಬಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ರೂಪದಲ್ಲಿ 150 ಕೆಬಿಯೊಳಗೆ ತನ್ನಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್‌ನ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಪುಟವನ್ನು ನೀವೇ ಪರೀಕ್ಷಿಸಬಹುದು.

ಕೊಂಡವರನ್ನು ಉಳಿಸಿಕೊಳ್ಳುವುದು

ಇಬ್ಬರಿರುವ ಮನೆಯಲ್ಲಿ ದಿನಕ್ಕೆರಡು ಸಲ 20 ಗ್ರಾಂ ಎಂದರೂ 500 ಗ್ರಾಂ ಪುಡಿ 12 ದಿನಕ್ಕೆ ಮುಗಿಯುತ್ತದೆ. ಹತ್ತನೇ ದಿನ ಒಂದು ಸಂದೇಶ ಹೋಗಬೇಕು, ಹದಿನೈದನೇ ದಿನ ಹೋದರೆ ಪಕ್ಕದ ಅಂಗಡಿ ಪುಡಿ ಮನೆಗೆ ಬಂದಿರುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಅದಕ್ಕಿಂತ ಮುಖ್ಯವಾಗಿ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಕಳಿಸಿದೆ, ಯಾರೂ ಉತ್ತರಿಸಲಿಲ್ಲ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಪೊಟ್ಟಣದೊಳಗಿನ ಆ ಹಾಳೆಯ ಮೇಲೆ ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಫಸಲಿನ ಸುದ್ದಿ ಬರುತ್ತದೆ’ ಎಂದು ಅಚ್ಚು ಹಾಕಿಸಿ. ಕೇಳದವರನ್ನು ಪಟ್ಟಿಗೆ ಸೇರಿಸಬೇಡಿ. ಮೂರು ಸಂದೇಶ ಉಪಯೋಗದ್ದು, ನಾಲ್ಕನೆಯದು ಮಾರಾಟದ್ದು. ಬ್ಲಾಕ್ ಆಗದೆ ಉಳಿಯಲು ಅಷ್ಟು ಸಂಯಮ ಬೇಕು.

ಮಾರುವವರು ಮಾಡಬೇಕಾದ ಕಾಗದದ ಕೆಲಸ

ನಿಮ್ಮ ಸೈಟಿನಲ್ಲಿ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ಗ್ರಾಂ ಲೆಕ್ಕದ ಬೆಲೆ, ತಯಾರಕರ ವಿಳಾಸ, ಹಣ ವಾಪಸಿನ ನಿಯಮ, ದೂರು ಕೇಳುವ ಅಧಿಕಾರಿಯ ಹೆಸರು ಕಾಣಿಸಬೇಕು. ದೂರು ಬಂದ 48 ಗಂಟೆಯೊಳಗೆ ಸಿಕ್ಕಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಹುರಿದ ಪುಡಿಯನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು. ‘ಕೂರ್ಗ್ ಅರೇಬಿಕಾ’ ಹೆಸರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ರೋಬಸ್ಟಾ ಎಂಬ ಇನ್ನೊಂದು ಬಗೆಯ ಕಾಫಿ ಬೆರೆಸಿದ ಪುಡಿಗೆ ಆ ಹೆಸರು ಹಾಕುವುದು ತಪ್ಪು, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತು ಬಳಸಲೂ ಬರುವುದಿಲ್ಲ.

ಯಾವ ತಿಂಗಳು ಏನು

ಹೊಸ ಪುಟ ಗೂಗಲ್‌ನಲ್ಲಿ ನೆಲೆಯೂರಲು ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬೇಕಾದ ಪುಟ ಸೆಪ್ಟೆಂಬರ್‌ನಲ್ಲೇ ಹಾಕಿ, ಸೆಪ್ಟೆಂಬರ್ 3ರ ಕೈಲ್‌ಪೊದ್ ಹಬ್ಬಕ್ಕೆ ಬೇಕಾದದ್ದನ್ನು ಜೂನ್‌ನಲ್ಲಿ. ಹೊಸ ಮೆಣಸು ಕೈಗೆ ಬರುವುದು ಜನವರಿಯಿಂದ ಮಾರ್ಚ್, ಅದರ ಪುಟ ನವೆಂಬರ್‌ಗೆ ಸಿದ್ಧವಿರಲಿ, ಕೊಯ್ಲಿನ ಫೋಟೊ ಆಮೇಲೆ ಸೇರಿಸಿ. ಕಾಚಂಪುಳಿ ಕುದಿಸುವ ಫೋಟೊ ಮಳೆಗಾಲದಲ್ಲಿ ಮಾತ್ರ ಸಿಗುತ್ತದೆ, ಈ ಸಲ ತಪ್ಪಿದರೆ ಒಂದು ವರ್ಷ ಕಾಯಬೇಕು. ಹಂಡೆಯ ಪಕ್ಕ ಒಬ್ಬರು ಮೊಬೈಲ್ ಹಿಡಿದು ನಿಲ್ಲಲಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಮರ ಬಿದ್ದು, ಕರೆಂಟ್ ಹೋಗಿ, ರಸ್ತೆ ಮುಚ್ಚಿ ಪಾರ್ಸೆಲ್ ನಿಲ್ಲುವುದು ನಿಮಗೆ ಗೊತ್ತು, ಬೆಂಗಳೂರಿನ ಗಿರಾಕಿಗೆ ಗೊತ್ತಿಲ್ಲ. ಆ ಮೂರು ತಿಂಗಳು ಪ್ರತಿ ಉತ್ಪನ್ನದ ಪುಟದಲ್ಲಿ ಬಟನ್‌ನ ಮೇಲೆಯೇ ಹೀಗೆ ಬರೆಯಿರಿ: ‘ಮಳೆಗಾಲ. ಸೋಮವಾರ ಮತ್ತು ಗುರುವಾರ ಮಾತ್ರ ಪಾರ್ಸೆಲ್ ಹೊರಡುತ್ತದೆ. ತಲುಪಲು 5ರಿಂದ 8 ದಿನ. ಪುಡಿಯನ್ನು ಹೊರಡುವ ಹಿಂದಿನ ದಿನವೇ ಹುರಿಯುತ್ತೇವೆ.’